ವಾಪಸ್ ಹೋದ ಉಲ್ಲಿಗೂ ಶುಲ್ಕ

ನನ್ನ ಚಿಕ್ಕಮ್ಮನಿಗೆ ಕ್ರೆಡಿಟ್ ಕಾರ್ಡು ಕೊಟ್ಟ ಬ್ಯಾಂಕಿನವರ ಮೇಲೆ ನನಗಿರುವ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಸಿಕೊಳ್ಳುವ ಇರಾದೆಯೂ ನನಗಿಲ್ಲ.

ಚಿಕ್ಕಮ್ಮ ಉಲ್ಲಿನ ಸ್ವೆಟರ್ ಹೆಣೆಯುವವಳು. ಅಡುಗೆಮನೆಯ ಪಕ್ಕದ ಕಿರುಕೋಣೆಯಲ್ಲಿ, ಬೆಳಕು ಹೆಗಲ ಮೇಲಿಂದ ಕೈಗೆ ಬೀಳುವಂತೆ ಕಿಟಕಿಗೆ ಬೆನ್ನು ಕೊಟ್ಟು ಕೂರುತ್ತಾಳೆ. ಕಡ್ಡಿಗಳತ್ತ ನೋಡುವುದೇ ಇಲ್ಲ. ಕೈ ಹೆಣೆಯುತ್ತಿರುತ್ತದೆ, ಬಾಯಿ ಇಡೀ ಬೀದಿಯ ಸುದ್ದಿ ಹೇಳುತ್ತಿರುತ್ತದೆ. ಆದರೆ ಒಂದು ಕುಣಿಕೆ ಜಾರಿತೋ, ಮನೆಯಲ್ಲಿ ಯಾರೂ ಉಸಿರೆತ್ತುವಂತಿಲ್ಲ. ಬಸ್ ಕಂಡಕ್ಟರಾಗಿ ನಿವೃತ್ತನಾದ ನಮ್ಮ ಚಿಕ್ಕಪ್ಪ ಕೂಡ ಆಗ ಕೆಮ್ಮು ಬಂದರೆ ಹೊರಗೆ ಹೋಗಿ ಕೆಮ್ಮಿ ಬರುತ್ತಾನೆ.

ಈಚೆಗೆ ಅವಳ ಬೆರಳಿನ ಗೆಣ್ಣುಗಳು ಊದತೊಡಗಿದ್ದವು. ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. "ಕಡ್ಡಿ ಬಿಡಿ, ಇಲ್ಲ ಬೆರಳಿನ ಆಸೆ ಬಿಡಿ" ಅಂದರು. ಚಿಕ್ಕಮ್ಮ ಮನೆಗೆ ಬಂದು, ಬಿಸಿನೀರಿನಲ್ಲಿ ಕೈ ಅದ್ದಿ, ಒರೆಸಿಕೊಂಡು, ಮತ್ತೆ ಹೆಣೆಯಲು ಕೂತಳು. ಹೆಣೆಯದೆ ಇದ್ದರೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಚಿಕ್ಕಪ್ಪನ ಪಿಂಚಣಿ ಬಾಡಿಗೆಗೇ ಮುಗಿದು ಹೋಗುತ್ತಿತ್ತು.

ಅಂಥ ಹೊತ್ತಿನಲ್ಲಿ ಪಕ್ಕದ ಬೀದಿಯ ಟೀಚರ್ ತಮ್ಮ ಹೆಣಿಗೆ ಮೆಷಿನ್ ಮಾರುತ್ತಾರೆಂಬ ಸುದ್ದಿ ಬಂತು. ಶಾಲೆಯಲ್ಲಿ ಹೊಲಿಗೆ, ಹೆಣಿಗೆ ಕಲಿಸುತ್ತಿದ್ದ ಅವರು ಮನೆ ಖಾಲಿ ಮಾಡಿ ಮಗಳ ಜೊತೆ ಇರಲು ಹೊರಟಿದ್ದರು. ಮೇಜಿನಷ್ಟು ಉದ್ದದ ಮೆಷಿನ್, ಅದರ ತುಂಬ ಸಾಲಾಗಿ ಸೂಜಿಗಳು, ಮೇಲೆ ಅತ್ತಿತ್ತ ಸರಿಯುವ, ಗಾಡಿ ಎನ್ನುವ ಒಂದು ಹಿಡಿಕೆ. ಗಾಡಿಯನ್ನು ಈ ತುದಿಯಿಂದ ಆ ತುದಿಗೆ ಒಂದು ಸಲ ಎಳೆದರೆ ಒಂದು ಸಾಲು ಹೆಣೆದಂತೆ.

"ಬೆರಳಿಗೆ ಕೆಲಸವೇ ಇಲ್ಲ ಕಣೇ! ತೋಳು ಆಡಿಸಿದ್ರೆ ಸಾಕು!" ಎಂದು ಚಿಕ್ಕಮ್ಮ ನನ್ನೆದುರು ಕುಣಿಯುವುದೊಂದು ಬಾಕಿ. ಆ ಮೆಷಿನ್ ಇದ್ದರೆ ಇನ್ನೂ ಹತ್ತು ವರ್ಷ ದುಡಿಯುತ್ತೇನೆ ಅಂದಳು.

ಟೀಚರ್ ಒಳ್ಳೆಯವರೇ. "ನಾನು ಮನೆ ಬಿಡೋವರೆಗೂ ನಿಮಗೇ ಅಂತ ಇಟ್ಟಿರ್ತೀನಿ. ಆಮೇಲೆ ಬೇಜಾರು ಮಾಡ್ಕೋಬೇಡಿ" ಅಂದರು.

ಹಣಕ್ಕೂ ದಾರಿ ಕಂಡಿತು. ಮಕ್ಕಳ ಬಟ್ಟೆ ಅಂಗಡಿಯ ಒಡತಿ ಫೋನಿನಲ್ಲೊಂದು ಫೋಟೋ ತೋರಿಸಿ, ಇದೇ ಬೂದುಹಸಿರು ಬಣ್ಣದ, ಇದೇ ಮೆತ್ತನೆ ಉಲ್ಲಿನ ಇಪ್ಪತ್ತು ಸ್ವೆಟರ್ ಬೇಕೆಂದಳು. ಉಲ್ಲೂ ಸೇರಿಸಿ ಒಟ್ಟು ದರ ಮಾತಾಯಿತು. ಉಲ್ಲಿನ ಖರ್ಚು ಕಳೆದು ಕೂಲಿ ಲೆಕ್ಕ ಹಾಕಿದರೆ ಮೆಷಿನ್ನಿನ ಬೆಲೆಗೆ ಸರಿಯಾಗುತ್ತಿತ್ತು. ಚಿಕ್ಕಮ್ಮ ಕೊನೆಯದೊಂದು ಸಲ ಕಡ್ಡಿ ಹಿಡಿದು ಮುಗಿಸಿಬಿಡುತ್ತೇನೆಂದು ಹೊರಟಳು.

ಆ ಉಲ್ಲು ಸಿಗುವುದು ವಿದೇಶದ ಒಂದು ಅಂಗಡಿಯಲ್ಲಿ ಮಾತ್ರ, ಅದೂ ಆನ್‌ಲೈನಿನಲ್ಲಿ. ಬ್ಯಾಂಕಿನವರು ತಾವಾಗಿಯೇ ಮನೆಗೆ ಕಳಿಸಿದ್ದ ಕಾರ್ಡು ಬೀರುವಿನಲ್ಲಿತ್ತು. ಅದನ್ನು ತೆಗೆದಳು. ಅಂಗಡಿಯ ಪುಟದಲ್ಲಿ ಬೆಲೆಯೆಲ್ಲ ನಮ್ಮ ದುಡ್ಡಿನಲ್ಲೇ ಕಾಣುತ್ತಿತ್ತಂತೆ. ಪಕ್ಕದ ಬೀದಿಯಲ್ಲಿ ಕೊಂಡಷ್ಟೇ ಸಲೀಸು ಅಂದುಕೊಂಡಳು.

ಇಲ್ಲಿ ಹೆಣಿಗೆಯವರ ಒಂದು ರೂಢಿ ಹೇಳಬೇಕು. ಉಲ್ಲಿಗೆ ಬಣ್ಣ ಹಾಕುವಾಗ ಒಂದು ಸಲ ಅದ್ದಿದ ಉಂಡೆಗಳ ಚೀಟಿಯ ಮೇಲೆಲ್ಲ ಒಂದೇ ನಂಬರು. ಮುಂದಿನ ಸಲ ಅದ್ದಿದ್ದು ಅದೇ ಹಸಿರಾದರೂ ಎಲ್ಲೋ ಒಂದು ಕೂದಲೆಳೆ ಬೇರೆ. ಅರ್ಧ ಸ್ವೆಟರಿಗೆ ಉಲ್ಲು ಮುಗಿದು ಬೇರೆ ನಂಬರಿನ ಉಂಡೆ ತಂದರೆ ತೋಳು ಒಂದು ಬಣ್ಣ, ಎದೆ ಒಂದು ಬಣ್ಣ. ಹಾಗಾಗಿ ಹೆಣೆಯುವವರು ಯಾವಾಗಲೂ ಬೇಕಾದ್ದಕ್ಕಿಂತ ಹೆಚ್ಚೇ ತರುತ್ತಾರೆ. ಉಳಿದ ಉಂಡೆಗಳನ್ನು ಚೀಟಿ ಬಿಚ್ಚದೆ ವಾಪಸ್ ಕೊಟ್ಟರೆ ಉಲ್ಲಿನ ಅಂಗಡಿಯವನು ಮರುಮಾತಿಲ್ಲದೆ ಹಣ ಕೊಡುತ್ತಾನೆ. ಚಿಕ್ಕಮ್ಮ ಆಯುಷ್ಯವಿಡೀ ಹಾಗೇ ಮಾಡಿದವಳು. ವಿದೇಶದ ಅಂಗಡಿಯೂ "ಬಳಸದ ಉಂಡೆ ವಾಪಸ್ ಪಡೆಯುತ್ತೇವೆ" ಅಂದಿತ್ತು. ಅಂದಮೇಲೆ ಇನ್ನೇನು ಬೇಕು? ಬೇಕಾದ್ದರ ಎರಡರಷ್ಟು ತರಿಸಿದಳು ಮಹಾತಾಯಿ!

ಕಾರ್ಡಿನ ಬಿಲ್ಲು ಬಂದಾಗ ಉಲ್ಲಿನ ಬೆಲೆಯ ಕೆಳಗೆ ಇನ್ನೊಂದು ಸಾಲಿತ್ತು. ವಿದೇಶಿ ವಹಿವಾಟು ಶುಲ್ಕ, ನೂರಕ್ಕೆ ಮೂರೂವರೆ. ಅದರ ಕೆಳಗೆ ಆ ಶುಲ್ಕದ ಮೇಲಿನ ತೆರಿಗೆ. ಚಿಕ್ಕಮ್ಮ ಬಿಲ್ಲು ಹಿಡಿದು ನಾನು ಕೆಲಸ ಮಾಡುವ ಹಲ್ಲಿನ ಕ್ಲಿನಿಕ್ಕಿಗೇ ಬಂದಳು. "ನಮ್ಮ ದುಡ್ಡಲ್ಲೇ ಕೊಟ್ಟೆನಲ್ಲೇ, ಇದ್ರಲ್ಲಿ ವಿದೇಶ ಎಲ್ಲಿಂದ ಬಂತು?"

ನಾನು ಬ್ಯಾಂಕಿಗೆ ಫೋನ್ ಮಾಡಿದೆ. ಸಂಗೀತ ಕೇಳಿಸಿದರು, ಒಂದು ಒತ್ತು ಅಂದರು, ನಾಲ್ಕು ಒತ್ತು ಅಂದರು. ಕಡೆಗೊಬ್ಬ ಸಿಕ್ಕಿದ. "ಬೆಲೆ ಯಾವ ದುಡ್ಡಲ್ಲಿ ತೋರಿಸಿದ್ರೂ ಅಂಗಡಿ ವಿದೇಶದ್ದು ಮೇಡಂ. ಶುಲ್ಕ ಬಿದ್ದೇ ಬೀಳುತ್ತೆ."

"ಹೋಗ್ಲಿ ಬಿಡು" ಅಂದಳು ಚಿಕ್ಕಮ್ಮ. "ಅರ್ಧ ಉಲ್ಲು ವಾಪಸ್ ಕಳಿಸ್ತೀನಲ್ಲ, ಆಗ ಅರ್ಧ ಶುಲ್ಕನೂ ವಾಪಸ್ ಬರುತ್ತೆ."

ಹಾಗೆ ನಂಬಿಕೊಂಡೇ ಇಪ್ಪತ್ತು ಸ್ವೆಟರನ್ನೂ ಹೆಣೆದಳು. ಕೊನೆಕೊನೆಗೆ ಲೋಟ ಹಿಡಿಯಲು ಎರಡು ಕೈ ಬೇಕಾಗುತ್ತಿತ್ತು. ನೋಡಲಾಗದೆ ನಾನು ಬೈದರೆ, "ಸುಮ್ನಿರೇ, ಇನ್ನು ಮೇಲೆ ಬೆರಳಿಗೆ ರಜಾನೇ" ಎಂದು ನಕ್ಕಳು. ಬಟ್ಟೆ ಅಂಗಡಿಯ ಒಡತಿ ಮೆಚ್ಚಿ ಪೂರ್ತಿ ಹಣ ಕೊಟ್ಟಳು. ಉಳಿದ ಉಂಡೆಗಳು ಚೀಟಿ ಸಮೇತ ಪೆಟ್ಟಿಗೆ ಸೇರಿ ವಿದೇಶಕ್ಕೆ ಹೊರಟವು. ಅಂಚೆ ಖರ್ಚೂ ನಮ್ಮದೇ.

ವಾಪಸ್ ಬಂದ ಹಣ ನೋಡಿ ನನ್ನ ಪಿತ್ತ ನೆತ್ತಿಗೇರಿತು. ಕೊಂಡ ದಿನ ವಿದೇಶಿ ಹಣದ ದರ ಮೇಲಿತ್ತಂತೆ, ವಾಪಸ್ ಕೊಟ್ಟ ದಿನ ಕೆಳಗಿತ್ತಂತೆ. ಅಂಗಡಿಯವನು ಆ ದಿನದ ದರದಲ್ಲಿ ಕೊಟ್ಟು ಕೈ ತೊಳೆದುಕೊಂಡ. ಇನ್ನು ಬ್ಯಾಂಕಿನ ಶುಲ್ಕ? ಒಂದು ಕಾಸೂ ಬರಲಿಲ್ಲ. ನಮ್ಮ ಮನೆಯಲ್ಲಿಲ್ಲದ, ಯಾರೂ ಹೆಣೆಯದ, ಬಂದ ಹಾಗೇ ತಿರುಗಿ ಹೋದ ಉಲ್ಲಿಗೂ ಪೂರ್ತಿ ಶುಲ್ಕ!

"ಬಸ್ಸು ಕೆಟ್ಟು ನಿಂತ್ರೆ ನಾವೂ ಟಿಕೆಟ್ ದುಡ್ಡು ವಾಪಸ್ ಕೊಡ್ತಿದ್ವಲ್ಲೇ!" ಎಂದು ಚಿಕ್ಕಪ್ಪ ಬಾಯಿ ಬಿಟ್ಟುಕೊಂಡು ಕೂತ.

ಕಾರ್ಡಿನ ಸಾಲ ತೀರಿಸಿದ ಮೇಲೆ ಚಿಕ್ಕಮ್ಮನ ಕೈಯಲ್ಲಿ ಉಳಿದದ್ದು ಮೆಷಿನ್ನಿನ ಬೆಲೆಗೆ ಸಾಲಲಿಲ್ಲ. ಕಡಿಮೆ ಬಿದ್ದದ್ದು ದೊಡ್ಡ ಮೊತ್ತವೇನಲ್ಲ, ಅದೇ ಹೊಟ್ಟೆ ಉರಿಸುವುದು. ನಾನು ಕೊಡುತ್ತೇನೆಂದೆ. ಅವಳು ತಲೆ ಅಲ್ಲಾಡಿಸಿದಳು.

"ನಿನ್ನ ಹತ್ರ ದುಡ್ಡು ತಗೊಂಡ್ರೆ ಮೆಷಿನ್ ನಾನು ಕೊಂಡ ಹಾಗಾಗಲ್ಲ. ಬ್ಯಾಂಕಿನೋರಿಗೆ ದೂರು ಕೊಟ್ಟಿದೀಯಲ್ಲ, ವಿಚಾರಿಸ್ತೀವಿ ಅಂದಿದಾರೆ. ನಾನು ವಾಪಸ್ ಕೊಟ್ಟಿದ್ದು ನಿಜ ತಾನೆ? ನ್ಯಾಯ ಅಂತ ಒಂದಿರುತ್ತೆ."

ಉಲ್ಲಿನ ಅಂಗಡಿಯವನ ನ್ಯಾಯವೇ ಲೋಕದ ನ್ಯಾಯ ಎಂದು ತಿಳಿದವಳಿಗೆ ಏನು ಹೇಳಲಿ! ನಾನು ಊಟದ ಬಿಡುವಿನಲ್ಲೆಲ್ಲ ಬ್ಯಾಂಕಿನವರ ಬೆನ್ನು ಬಿದ್ದೆ. ಪ್ರತಿ ಸಲವೂ ಹೊಸಬರು, ಪ್ರತಿ ಸಲವೂ ಮೊದಲಿನಿಂದ ಕಥೆ ಹೇಳಬೇಕು. ಒಬ್ಬಳು, "ಉಲ್ಲು ಅಂದ್ರೆ ಉಡುಪಿನ ವರ್ಗಕ್ಕೆ ಬರುತ್ತಾ ಮೇಡಂ?" ಎಂದು ಕೇಳಿದಳು. ನಾನು ಕಿರುಚಿದ್ದಕ್ಕೆ, ಬಾಯಿಗೆ ಹತ್ತಿ ಇಟ್ಟುಕೊಂಡು ಕೂತಿದ್ದ ರೋಗಿಯೊಬ್ಬರು ಬೆಚ್ಚಿಬಿದ್ದು ಹತ್ತಿ ನುಂಗಿಬಿಡುವುದರಲ್ಲಿದ್ದರು. ನಮ್ಮ ಕ್ಲಿನಿಕ್ಕಿನ ಡಾಕ್ಟರು ನನ್ನನ್ನು ಒಳಗೆ ಕರೆದು ಬುದ್ಧಿ ಹೇಳಿದರು.

ಚಿಕ್ಕಮ್ಮ ಫೋನನ್ನು ಮಡಿಲಲ್ಲಿಟ್ಟುಕೊಂಡೇ ಕೂರುತ್ತಿದ್ದಳು. ಟೀಚರ್ ಸಾಮಾನು ಕಟ್ಟತೊಡಗಿದ್ದು ಗೊತ್ತಿದ್ದೂ ಕಾದಳು. ಟೀಚರ್ ಮನೆ ಬಿಡುವ ಹಿಂದಿನ ದಿನ ಬ್ಯಾಂಕಿನ ಸಂದೇಶ ಬಂತು. ಅವಳೇ ಜೋರಾಗಿ ಓದಿದಳು: "ಶುಲ್ಕವನ್ನು ನಿಯಮದಂತೆ ವಿಧಿಸಲಾಗಿದೆ. ನಿಮ್ಮ ದೂರನ್ನು ಪರಿಹರಿಸಲಾಗಿದೆ."

"ಪರಿಹಾರ ಆಯ್ತಂತೆ?" ಎಂದು ನನ್ನ ಮುಖ ನೋಡಿದಳು. ನನಗೆ ಅಳು ಬಂತು, ಸಿಟ್ಟೂ ಬಂತು. ಈಗಲಾದರೂ ನನ್ನ ಹಣ ತಗೋ ಎಂದು ಗೋಗರೆದೆ. ಅವಳು ಎದ್ದುಹೋಗಿ ಪಾತ್ರೆ ತೊಳೆಯತೊಡಗಿದಳು. ಬೆಳಗಾದ ಮೇಲೆ ಅವಳಿಗೆ ಹೇಳದೆ ನಾನೇ ಟೀಚರಿಗೆ ಫೋನ್ ಮಾಡಿದೆ. ಅಷ್ಟರಲ್ಲಿ ಅವರು ಬೇರೆಯವರ ಹಣ ತೆಗೆದುಕೊಂಡು ಆಗಿತ್ತು. "ನಿಮ್ಮ ಚಿಕ್ಕಮ್ಮ ರಾತ್ರಿನೇ ಬೇಡ ಅಂತ ಹೇಳಿಬಿಟ್ರಲ್ಲಮ್ಮ" ಅಂದರು.

ಟೀಚರನ್ನು ಕಳಿಸಿಕೊಡಲು ನಾವಿಬ್ಬರೂ ಹೋದಾಗ ಬಾಗಿಲಲ್ಲಿ ವ್ಯಾನು ನಿಂತಿತ್ತು. ಇಬ್ಬರು ಕೂಲಿಯವರು ಮೆಷಿನ್ ಎತ್ತಿಕೊಂಡು ಮೆಟ್ಟಿಲು ಇಳಿಯುತ್ತಿದ್ದರು. ಕೊಂಡ ಹುಡುಗಿ ಹಿಂದೆಯೇ ಬರುತ್ತಿದ್ದಳು. ಮೆಷಿನ್ ಓರೆಯಾಗಿತ್ತು, ಮೇಲಿನ ಗಾಡಿ ಜಾರತೊಡಗಿತ್ತು.

"ನಿಲ್ಸಿ, ನಿಲ್ಸೀ!" ಚಿಕ್ಕಮ್ಮ ಬೀದಿಯಲ್ಲೇ ಕೂಗಿಕೊಂಡು ಓಡಿದಳು. "ಗಾಡಿ ಕಟ್ಟದೆ ಎತ್ತುತ್ತಾರೇನ್ರೀ? ಸೂಜಿಯೆಲ್ಲ ಬಾಗಿ ಹೋಗುತ್ತೆ!"

ಮೆಷಿನ್ನನ್ನು ಕೆಳಗಿಡಿಸಿದಳು. ಟೀಚರ ಕೈಯಿಂದ ಹಗ್ಗ ಇಸಿದುಕೊಂಡು ಗಾಡಿಯನ್ನು ಒಂದು ಬದಿಗೆ ಸರಿಸಿ ಕಟ್ಟಿದಳು. ಊದಿದ ಬೆರಳಿಗೆ ಗಂಟು ಸಿಗುತ್ತಿರಲಿಲ್ಲ. ನಾನು ಕೈ ಚಾಚಿದರೆ ತಳ್ಳಿದಳು. ಸೂಜಿಗೆ ಎಣ್ಣೆ ಎಷ್ಟು ಬಿಡಬೇಕು, ಧೂಳು ಹೇಗೆ ಒರೆಸಬೇಕು ಎಂದೆಲ್ಲ ಹೇಳಿಕೊಟ್ಟಳು. ಹುಡುಗಿ ಕಣ್ಣರಳಿಸಿ ಕೇಳಿದಳು: "ಆಂಟಿ, ನಿಮ್ಮನೇಲೂ ಇದೇ ಮೆಷಿನ್ ಇದೆಯಾ?"

"ಇಲ್ಲಮ್ಮ, ಇನ್ನೂ ತಗೊಂಡಿಲ್ಲ" ಅಂದಳು ಚಿಕ್ಕಮ್ಮ. ಗಂಟನ್ನು ಇನ್ನೊಮ್ಮೆ ಎಳೆದು ನೋಡಿ, ಕೂಲಿಯವರಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಂತಳು.