ಒಂಬತ್ತನೆಯ ಶರತ್ತು

೧೯೭೮ರ ಏಪ್ರಿಲ್ ತಿಂಗಳ ಒಂದು ರವಿವಾರ ಮುಂಜಾನೆ, ವಿಜಾಪುರದಿಂದ ತಿಕೋಟಾಕ್ಕೆ ಹೋಗುವ ರಸ್ತೆಯ ಬದಿಯ ಬರಡು ಮಡ್ಡಿಯಲ್ಲಿ ಏಳು ಹಳೆಯ ಕಾರುಗಳ ಪಂದ್ಯ ನಡೆಯಿತು. ನಾಲ್ಕನೆಯ ಸುತ್ತಿನಲ್ಲಿ ಒಂದು ಕಾರು ಎಡಮಗ್ಗುಲಿಗೆ ಉರುಳಿ ಹೊತ್ತಿಕೊಂಡಿತು. ಚಾಲಕ ಒಳಗಿದ್ದ.

ಆಗ ನಾನು ಊರಿನ ಒಂದು ವಾರಪತ್ರಿಕೆಯಲ್ಲಿ ಉಪಸಂಪಾದಕ. ವರದಿ ಬರೆಯುವುದು, ಬಂದ ವರದಿಗಳನ್ನು ತಿದ್ದುವುದು, ಕರಡು ನೋಡುವುದು ಎಲ್ಲವೂ ನನ್ನ ಪಾಲಿಗೆ ಬರುತ್ತಿದ್ದವು. ಕೆಳಗಿನ ಮುದ್ರಣಾಲಯದಲ್ಲಿ ಪತ್ರಿಕೆಯ ಜೊತೆಗೆ ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ಲುಗಳನ್ನೂ ಅಚ್ಚು ಹಾಕುತ್ತಿದ್ದರು. ಅವುಗಳ ಭಾಷೆಯನ್ನೂ ನಾನೇ ನೋಡಿಕೊಡಬೇಕಿತ್ತು.

ಪಂದ್ಯದ ವಿಚಾರ ತಂದವರು ಸ್ಟೇಷನ್ ರಸ್ತೆಯ ಗ್ಯಾರೇಜಿನ ಮಿಸ್ತ್ರಿ. ಸೈನ್ಯದ ವರ್ಕ್‌ಶಾಪಿನಲ್ಲಿ ಬಹಳ ವರ್ಷ ದುಡಿದು ನಿವೃತ್ತರಾಗಿ ಬಂದವರು. ದಕ್ಷಿಣದಲ್ಲೆಲ್ಲೋ ಹಳೆಯ ವಿಮಾನ ಮೈದಾನದ ಮೇಲೆ ಕಾರುಗಳ ಪಂದ್ಯ ನೋಡಿದ್ದರು. ಅಲ್ಲಿ ತಪಾಸಣೆಯ ಕೆಲಸಕ್ಕೂ ನಿಂತಿದ್ದರು. ಉರ್ದು ಓದುತ್ತಿದ್ದರು, ಕನ್ನಡ ಓದಲು ಬರುತ್ತಿರಲಿಲ್ಲ. ಆದ್ದರಿಂದ ನಿಯಮಗಳನ್ನು ಬಾಯಲ್ಲಿ ಹೇಳಿದರು, ನಾನು ಬರೆದುಕೊಂಡೆ.

ನಮ್ಮ ಕಡೆ ಗಾಡಿಗಳ ಓಟಕ್ಕೆ ಶರತ್ತು ಎನ್ನುತ್ತಾರೆ. ನಿಬಂಧನೆಗೂ ಅದೇ ಮಾತು. ಹಾಗಾಗಿ ಹ್ಯಾಂಡ್‌ಬಿಲ್ಲಿನ ತಲೆಬರಹ ‘ಮೋಟಾರು ಶರತ್ತಿನ ಶರತ್ತುಗಳು’ ಎಂದಾಯಿತು. ಅಚ್ಚಿನ ಮೊಳೆ ಜೋಡಿಸುವವನು ಅದನ್ನು ಓದಿ ನಕ್ಕ. “ಒಂದ ಶರತ್ತಿಗೆ ಹದಿಮೂರ ಶರತ್ತೇನ್ರಿ? ಲಗ್ನಕ್ಕೂ ಇಷ್ಟ ಇರೂದಿಲ್ಲ” ಎಂದ.

ಮಿಸ್ತ್ರಿಯ ಮೊದಲ ಮಾತು ಕಾರು ಕಂಪನಿ ಕೊಟ್ಟಂತೆಯೇ ಇರಬೇಕು ಎಂಬುದು. ವೇಗ ಹೆಚ್ಚಿಸಲೆಂದು ಎಂಜಿನ್ನಿನ ತಲೆ ತೇಯುವಂತಿಲ್ಲ, ಎರಡನೆಯ ಕಾರ್ಬೊರೇಟರ್ ಹಾಕುವಂತಿಲ್ಲ. ಬದಲಾವಣೆ ಏನಿದ್ದರೂ ಚಾಲಕ ಉಳಿಯುವುದಕ್ಕಾಗಿ ಮಾತ್ರ. ಗಾಜುಗಳನ್ನೆಲ್ಲ ತೆಗೆಯಬೇಕು. ಹಿಂದಿನ ಸೀಟು ಕಿತ್ತು, ಚಾಲಕನಿಗೂ ಪೆಟ್ರೋಲ್ ಟಾಕಿಗೂ ನಡುವೆ ಇಡೀ ಕಾರಿನ ಅಗಲಕ್ಕೆ, ಚಾವಣಿಯವರೆಗೂ ತಗಡು ಹೊಡೆಯಬೇಕು. ಚಾವಣಿಯ ಕೆಳಗೆ ಎರಡು ಕಬ್ಬಿಣದ ಪೈಪು ಬಾಗಿಸಿ ಕೂಡಿಸಬೇಕು. ಮೂರು ಬಾಗಿಲುಗಳಿಗೆ ಬೆಸುಗೆ. ಎಡಗಡೆಯ ಮುಂದಿನ ಬಾಗಿಲೊಂದರಿಂದಲೇ ಚಾಲಕ ಒಳಗೆ ಹೋಗಿ ಕೂರಬೇಕು, ಆಮೇಲೆ ಅದಕ್ಕೆ ಹೊರಗಿನಿಂದ ಬೋಲ್ಟ್ ಹಾಕಬೇಕು.

ಒಂಬತ್ತನೆಯದು ಜಾಳಿಗೆಯದು. ಅವರು ಹೇಳಿದ್ದು ಹೀಗೆ: “ಮುಂದಿನ ಗಾಜಿನ ಜಾಗಾದಾಗ, ಡ್ರೈವರನ ಖಿಡಕಿಗೆ, ಎರಡೂ ಕಡೆ ಕಬ್ಬಣದ ಜಾಳಗಿ ಬೇಕು. ಮುಂದಿಂದು ಕಲ್ಲ ಸಿಡೀಬಾರದಂತ. ಖಿಡಕೀದು, ಗಾಡಿ ಉಳ್ಳಿದ್ರ ಕೈ ಹೊರಗ ಬರಬಾರದಂತ. ಖಿಡಕೀದು ಕೊಂಡಿ ಮ್ಯಾಲ ಇರಬೇಕು, ಒಳಗಿಂದ ಒಂದ ಕೈಲೆ ಬಿಚ್ಚಾಕ ಬರಬೇಕು.”

ಎಲ್ಲವನ್ನೂ ಬರೆದುಕೊಂಡೆ. ಮೊಳೆ ಜೋಡಿಸಿದಾಗ ಹಾಳೆಗಿಂತ ಮೂರು ಸಾಲು ಹೆಚ್ಚಾಯಿತು. ಹೆಚ್ಚಾದದ್ದನ್ನು ಕತ್ತರಿಸುವುದು ನನ್ನ ದಿನನಿತ್ಯದ ಕೆಲಸ. ಪೀಠಿಕೆಯಲ್ಲಿ ಎರಡು ಸಾಲು ಹೋದವು. ನಾನು ಬರೆದ ಒಂಬತ್ತನೆಯ ನಿಯಮದಲ್ಲಿ ಎರಡು ವಾಕ್ಯಗಳಿದ್ದವು. ಎರಡನೆಯದು ಜಾಳಿಗೆ ಹೇಗೆ ಕೂಡಿಸಬೇಕೆಂಬ ವಿವರ, ಅದನ್ನು ಕಮ್ಮಾರರೇ ಬಲ್ಲರು ಎಂದುಕೊಂಡು ಹೊಡೆದುಹಾಕಿದೆ. ಅಚ್ಚಾದದ್ದು ಇಷ್ಟು: ‘ಮುಂದಿನ ಕಿಟಕಿಗೂ ಚಾಲಕನ ಕಿಟಕಿಗೂ ಕಬ್ಬಿಣದ ಜಾಳಿಗೆಯನ್ನು ಗಟ್ಟಿಯಾಗಿ ಕೂಡಿಸಿರತಕ್ಕದ್ದು.’

ಆರು ಕಾರುಗಳು ವಿಜಾಪುರದಲ್ಲೇ, ಮಿಸ್ತ್ರಿಯ ಕಣ್ಣೆದುರಿಗೆ ತಯಾರಾದವು. ಏಳನೆಯದು ತಿಕೋಟಾದ ಟ್ಯಾಕ್ಸಿ ಚಾಲಕನದು. ಮೂವತ್ತರ ಒಳಗಿನ ವಯಸ್ಸು. ಹೆಂಡತಿ, ಒಬ್ಬಳು ಮಗಳು. ಮಂದಿಯನ್ನು ಹೊನವಾಡ, ಕನಮಡಿಗಳಿಂದ ವಿಜಾಪುರದ ದವಾಖಾನೆಗೆ, ಕೋರ್ಟಿಗೆ ತಂದುಬಿಡುತ್ತಿದ್ದ. ಅವನು ಕಾರನ್ನು ಬಬಲೇಶ್ವರಕ್ಕೆ ಒಯ್ದು, ಪರಿಚಯದ ಬೆಸುಗೆಯವನ ಕೈಗೆ ಹ್ಯಾಂಡ್‌ಬಿಲ್ಲು ಕೊಟ್ಟಿದ್ದ. ಬೆಸುಗೆಯವನು ಕನ್ನಡ ಶಾಲೆ ಕಲಿತವನು. ಒಂದೊಂದೇ ನಿಯಮ ಓದಿ, ಓದಿದಂತೆ ಮಾಡಿದ್ದ.

ಪಂದ್ಯದ ದಿನ ತಪಾಸಣೆಯನ್ನು ಹಂಚಿಕೊಂಡೆವು. ಎಂಜಿನ್, ಬ್ರೇಕ್, ಸ್ಟೇರಿಂಗ್ ಮಿಸ್ತ್ರಿಯವು. ಅವರು ಕಾರುಗಳ ಕೆಳಗೆ ಮಲಗಿದ್ದರು. ಮೈಭಾಗ ನನ್ನದು. ಕೈಯಲ್ಲಿ ಹ್ಯಾಂಡ್‌ಬಿಲ್ಲು ಹಿಡಿದು ಒಂದೊಂದಕ್ಕೂ ಗುರುತು ಹಾಕುತ್ತ ಹೋದೆ. ತಿಕೋಟಾದ ಕಾರು ಎಲ್ಲರಿಗಿಂತ ತಡವಾಗಿ ಬಂತು. ಉಳಿದ ಆರರಲ್ಲಿ ಚಾಲಕನ ಕಿಟಕಿಯ ಜಾಳಿಗೆ ಕೊಂಡಿಗಳ ಮೇಲೆ ತೂಗುತ್ತಿತ್ತು. ಇದರಲ್ಲಿ ಸುತ್ತಲೂ ಬೆಸುಗೆ ಹಾಕಿತ್ತು. ಹಿಡಿದು ಎಳೆದು ನೋಡಿದೆ, ಅಲುಗಲಿಲ್ಲ.

“ನಿಮ್ಮ ಬೆಸುಗೆಯವ ಬೇಷ್ ಮಾಡ್ಯಾನ” ಎಂದೆ.

“ಕೋಳಿ ಗೂಡಿನ್ಯಾಗ ಕುಂತಂಗ ಆಗೇತ್ರಿ” ಎಂದು ಚಾಲಕ ನಕ್ಕ.

ಪಕ್ಕದ ಕಾರಿನವನು ಕೇಳಿಸಿಕೊಂಡು, “ಲೇ, ತತ್ತಿ ಗಿತ್ತಿ ಇಟ್ಟೀಲೆ ಒಳಗ” ಎಂದ.

“ಇಟ್ರ ನಿನ್ನ ತಲಿ ಮ್ಯಾಲ ಒಡೀತೇನಿ ತಗೋ.”

ನಾನು ಒಂಬತ್ತರ ಎದುರು ಗುರುತು ಹಾಕಿದೆ.

ಸುಣ್ಣದ ಗೆರೆ ಎಳೆದ ದಾರಿ ಬಲಕ್ಕೆ ತಿರುಗುತ್ತಿತ್ತು. ತಿರುವಿನಲ್ಲಿ ಗರಸು ಮಣ್ಣು ಸಡಿಲವಾಗಿತ್ತು. ನಾಲ್ಕನೆಯ ಸುತ್ತಿನಲ್ಲಿ ತಿಕೋಟಾದ ಕಾರು ಎರಡನೆಯ ಸ್ಥಾನದಲ್ಲಿತ್ತು. ಹಿಂದಿನ ಚಕ್ರಗಳು ಜಾರಿದವು. ಕಾರು ಅಡ್ಡಲಾಗಿ ಸರಿದು ಗೆರೆ ದಾಟಿತು, ಒಂದು ಬಂಡೆಗೆ ತಾಗಿ ಎಡಕ್ಕೆ ಉರುಳಿ ನಿಂತಿತು. ಬೋಲ್ಟ್ ಹಾಕಿದ ಬಾಗಿಲು ನೆಲಕ್ಕೆ ಒತ್ತಿಕೊಂಡಿತು. ಬಲಗಡೆಯ ಚಾಲಕನ ಕಿಟಕಿ ಆಕಾಶಕ್ಕೆ ಮುಖ ಮಾಡಿತ್ತು.

ಮಂದಿ ಓಡಿದರು. ಮಿಸ್ತ್ರಿ ಎಲ್ಲರಿಗಿಂತ ಮುಂದಿದ್ದರು. ಒಳಗಿನವನು ಬೆಲ್ಟು ಬಿಚ್ಚಿಕೊಂಡು ಎದ್ದು ನಿಂತಿದ್ದ, ಅವನ ಬೆರಳುಗಳು ಜಾಳಿಗೆಯಲ್ಲಿ ಕಾಣುತ್ತಿದ್ದವು. ಗಾಯವಾದಂತೆ ತೋರಲಿಲ್ಲ. ಬಾನೆಟ್ಟಿನ ಸಂದಿಯಿಂದ ಹೊಗೆ ಬರುತ್ತಿತ್ತು.

“ಕೊಂಡಿ ತಗಿಯೋ. ಕೊಂಡಿ ತಗದು ಮ್ಯಾಲ ಬಾ” ಎಂದು ಮಿಸ್ತ್ರಿ ಕೂಗಿದರು.

“ಕೊಂಡಿ ಇಲ್ಲ ಚಾಚಾ” ಎಂದ ಅವನು.

ಮಿಸ್ತ್ರಿ ಕಾರಿನ ಮೇಲೆ ಹತ್ತಿ ಜಾಳಿಗೆಯ ಅಂಚನ್ನು ಕೈಯಿಂದ ಸುತ್ತಲೂ ತಡವಿ ನೋಡಿದರು. ಅಷ್ಟರಲ್ಲಿ ಬೆಂಕಿ ಎದ್ದಿತು. ಯಾರೋ ಹಾರೆ ತಂದರು. ಬೆಸುಗೆ ಒಂದು ಮೂಲೆಯಲ್ಲಿ ಮಾತ್ರ ಬಿಟ್ಟಿತು. ಹತ್ತಾರು ಜನ ಕೂಡಿ ಕಾರನ್ನು ನೆಟ್ಟಗೆ ನಿಲ್ಲಿಸಿದೆವು. ಎಡಬಾಗಿಲಿನ ಬೋಲ್ಟ್ ಬಾಗಿತ್ತು. ಅದನ್ನು ಹೊಡೆದು ತೆಗೆದು ಚಾಲಕನನ್ನು ಎಳೆದುಕೊಂಡಾಗ ಅವನಿಗೆ ಪ್ರಜ್ಞೆ ಇತ್ತು. ನೀರು ಕೇಳಿದ. ಮಿಸ್ತ್ರಿಯ ಎರಡೂ ಅಂಗೈ ಸುಟ್ಟಿದ್ದವು.

ಅವನು ಮೂರನೆಯ ದಿನ ಮುಂಜಾನೆ ಆಸ್ಪತ್ರೆಯಲ್ಲಿ ತೀರಿಕೊಂಡ.

ಪೊಲೀಸರು ಬಬಲೇಶ್ವರದ ಬೆಸುಗೆಯವನನ್ನು ಹಿಡಿದು ತಂದರು. ಬೇರೆಲ್ಲ ಕಾರುಗಳಲ್ಲಿ ಕೊಂಡಿ ಇದ್ದವು, ಇವನು ಹಾಕಲಿಲ್ಲ ಎಂಬುದು ಎಲ್ಲರ ಬಾಯಲ್ಲಿತ್ತು. ನಮ್ಮ ಪತ್ರಿಕೆಯಲ್ಲೂ ಹಾಗೆಯೇ ಬಂತು: ‘ಬೆಸುಗೆಯವನ ಅಲಕ್ಷ್ಯ ಕಾರಣವೆಂದು ತಿಳಿದುಬಂದಿದೆ.’ ಆ ವರದಿ ಬರೆದವನು ನಾನು. ಬರೆಯುವಾಗ ನನ್ನ ಟಿಪ್ಪಣಿ ಪುಸ್ತಕ ತೆರೆದು ನೋಡಿರಲಿಲ್ಲ.

ಪತ್ರಿಕೆ ಹೊರಬಿದ್ದ ಮರುದಿನ ಮಿಸ್ತ್ರಿ ಕಚೇರಿಗೆ ಬಂದರು. ಕೈಗಳಿಗೆ ಪಟ್ಟಿ ಸುತ್ತಿತ್ತು. ಯಾರಿಂದಲೋ ಹ್ಯಾಂಡ್‌ಬಿಲ್ಲು ಓದಿಸಿಕೊಂಡು ಬಂದಿದ್ದರು.

“ಇದರಾಗ ಕೊಂಡಿ ಮಾತ ಎಲ್ಲೈತ್ರಿ?”

“ಇಲ್ಲ.”

“ನಾ ಹೇಳಿದ್ದಿಲ್ಲೇನ್ರಿ?”

“ಹೇಳಿದ್ರಿ. ನಾನ ತಗದೆ. ಸಾಲು ಹೆಚ್ಚಾಗಿತ್ತು.”

“ಸಾಲು” ಎಂದರು. “ಆ ಬೆಸಗೀಯಾಂವ ಠಾಣೆದಾಗ ಅದಾನ್ರಿ. ಮೊದಲ ಅಲ್ಲಿಗೆ ನಡೀರಿ.”

ಠಾಣೆಗೆ ಹೋದೆವು. ಟಿಪ್ಪಣಿ ಪುಸ್ತಕವನ್ನೂ ಅಚ್ಚಾದ ಹಾಳೆಯನ್ನೂ ತೋರಿಸಿ ಹೇಳಿಕೆ ಕೊಟ್ಟೆ. ಬೆಸುಗೆಯವನನ್ನು ಅದೇ ಸಂಜೆ ಬಿಟ್ಟರು. ಹೊರಗೆ ಬಂದವನು ನನ್ನನ್ನು ಕೇಳಿದ್ದು ಒಂದೇ: “ಗಟ್ಟಿಯಾಗಿ ಅಂತ ಬರದಿದ್ರಲ್ರಿ? ನಾ ತಪ್ಪ ಓದೇನೇನ್ರಿ?” ಇಲ್ಲ ಎಂದೆ.

ನಮ್ಮ ವರದಿಗೆ ತಿದ್ದುಪಡಿ ಬರೆದುಕೊಟ್ಟೆ. ಪ್ರಕರಣ ಮುಗಿಯಲಿ ಎಂದು ಸಂಪಾದಕರು ಇಟ್ಟುಕೊಂಡರು. ಮುಂದಿನ ವಾರ ತಿಕೋಟಾಕ್ಕೆ ಹೋಗಿ ಚಾಲಕನ ಹೆಂಡತಿಗೆ ನಡೆದದ್ದನ್ನು ಹೇಳಿದೆ. ಅವನ ತಾಯಿ ಪಕ್ಕದಲ್ಲಿ ಕುಳಿತಿದ್ದರು.

“ಕೊಂಡಿ ಇದ್ದಿದ್ರ ಹೊರಗ ಬರ್ತಿದ್ರೇನ್ರಿ?” ಎಂದು ಹೆಂಡತಿ ಕೇಳಿದಳು.

“ಬರ್ತಿದ್ದರು.”

“ಬೇ, ಕೇಳಿದೇನ? ಹಣೀಬರಾ ಅಂತಿದ್ದೆಲ್ಲ” ಎಂದು ಅವಳು ಅತ್ತೆಯ ಕಡೆ ತಿರುಗಿದಳು. ನಾನು ಎದ್ದು ಬಂದೆ.

ಪ್ರಕರಣ ಆಕಸ್ಮಿಕವೆಂದು ಮುಗಿಯಿತು. ತಿದ್ದುಪಡಿ ಅಚ್ಚಾಗಲಿಲ್ಲ. ಬಬಲೇಶ್ವರದಲ್ಲಿ ಬೆಸುಗೆಯವನ ಅಂಗಡಿಗೆ ಮಂದಿ ಬರುವುದು ನಿಂತಿತು. ಅವನು ಅಂಗಡಿ ಮುಚ್ಚಿ ಹೆಂಡತಿಯ ತವರಾದ ಕನಮಡಿಗೆ ಹೋದ. ಅಲ್ಲಿ ಹೊಲದ ಕೂಲಿಗೆ ಹೋಗುತ್ತಾನೆ, ಕಬ್ಬಿಣ ಮುಟ್ಟುವುದಿಲ್ಲ ಎಂದು ೧೯೭೯ರ ಕೊನೆಗೆ ಮಿಸ್ತ್ರಿ ತಿಳಿಸಿದರು.