ಒಗೆಯದ ಒಂದು ಅಂಗಿ

ಪೆರುವಿನ ಬೆಟ್ಟಗಳ ನಡುವಿನ ವಾಮಂಗಾ ಪಟ್ಟಣದಲ್ಲಿ ತೆಯೊದೋಸಿಯಾಳ ಕೈಗೆ ಸಿಗದ ಬಟ್ಟೆಯಿಲ್ಲ ಎಂದು ಜನ ಹೇಳುತ್ತಿದ್ದರು. ಪಾದ್ರಿಗಳ ನಿಲುವಂಗಿ, ಹೊಟೇಲಿನ ಹಾಸಿಗೆ ಹೊದಿಕೆ, ಬಾಣಂತಿಯರ ಉಡುಪು, ಹಸುಗೂಸುಗಳ ಚಿಂದಿ ಎಲ್ಲವನ್ನೂ ಅವಳು ಬೆನ್ನಿಗೆ ಕಟ್ಟಿಕೊಂಡು ಹೊಳೆಗಿಳಿಯುತ್ತಿದ್ದಳು. ಸೈನ್ಯಕ್ಕೂ ಬಂಡುಕೋರರಿಗೂ ನಡೆದ ಯುದ್ಧದ ವರ್ಷಗಳಲ್ಲಿ ರಕ್ತದ ಬಟ್ಟೆಗಳೂ ಬರುತ್ತಿದ್ದವು. ಯಾರದ್ದು ಎಂದು ಅವಳು ಕೇಳುತ್ತಿರಲಿಲ್ಲ. ತಣ್ಣೀರಿನಲ್ಲೇ ನೆನೆಹಾಕಬೇಕು, ಬಿಸಿನೀರು ಸೋಕಿದರೆ ರಕ್ತ ಕಚ್ಚಿಕೊಂಡುಬಿಡುತ್ತದೆ ಎಂಬುದಷ್ಟೇ ಅವಳಿಗೆ ಬೇಕಾದ ವಿಷಯ.

ಅಂಥವಳ ಮನೆಯ ಪೆಟ್ಟಿಗೆಯಲ್ಲಿ ಒಂದು ಅಂಗಿ ಇಪ್ಪತ್ತನಾಲ್ಕು ವರ್ಷಗಳಿಂದ ಒಗೆಯದೆ ಬಿದ್ದಿತ್ತು.

ಅದು ಗಂಡ ನೆಮೇಸಿಯೊನದು. ಅವನು ಸಂತರ ಪೆಟ್ಟಿಗೆಗಳನ್ನು ಮಾಡುತ್ತಿದ್ದ. ಎರಡು ಬಾಗಿಲಿನ ಪುಟ್ಟ ಮರದ ಪೆಟ್ಟಿಗೆಯೊಳಗೆ, ಬೇಯಿಸಿದ ಆಲೂಗಡ್ಡೆಯನ್ನು ಗಾರೆಪುಡಿಯ ಜೊತೆ ನಾದಿ ಮಾಡಿದ ಬೆರಳುದ್ದದ ಸಂತರು, ದನಗಳು, ಕೊಯ್ಲಿನ ಹೆಂಗಸರು. ಆಲೂಗಡ್ಡೆ ಬೇಯಿಸಿ, ಸಿಪ್ಪೆ ತೆಗೆದು, ಅರೆದು ಕೊಡುತ್ತಿದ್ದವಳು ತೆಯೊದೋಸಿಯಾ. ಪೆಟ್ಟಿಗೆಯ ಮೇಲೆ ಹೆಸರು ಬರುತ್ತಿದ್ದುದು ಅವನೊಬ್ಬನದೇ. ಯುದ್ಧದ ಒಂದು ಸಂಜೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡವರು ಬಂದು ಎಳೆದೊಯ್ದಾಗ ಅವನು ಬನಿಯನ್ನಿನಲ್ಲಿದ್ದ. ಕೆಲಸದ ಅಂಗಿ ಮೊಳೆಯಲ್ಲಿ ನೇತಾಡುತ್ತಿತ್ತು. ಸ್ವಲ್ಪ ಮುಂಚೆಯಷ್ಟೇ ಅವಳು ಅದನ್ನು ಒಗೆಯಲೆಂದು ಎತ್ತಿಕೊಂಡಿದ್ದಳು. "ಇವತ್ತು ಬೇಡ ಬಿಡೇ, ನಾಳೆನೂ ಅದೇ ಕೆಂಪು ಬಣ್ಣದ ಕೆಲಸ" ಎಂದಿದ್ದ.

ಹುಡುಕುವುದಕ್ಕೂ ಪುರುಸೊತ್ತು ಬೇಕು. ತೆಯೊದೋಸಿಯಾ ಬೆಳಿಗ್ಗೆ ಬಟ್ಟೆ ನೆನೆಹಾಕಿ, ಊರಾಚೆಯ ಕಣಿವೆಗಿಳಿದು ಅಲ್ಲಿ ಎಸೆದಿದ್ದ ಹೆಣಗಳ ಮುಖ ನೋಡಿ, ಮಧ್ಯಾಹ್ನ ಹಿಂತಿರುಗಿ ಬಟ್ಟೆ ಹಿಂಡಿ ಹರವುತ್ತಿದ್ದಳು. ಮುಖ ಗುರುತು ಸಿಗದಂತಾದ ಹೆಣಗಳ ಮುಂದೆ ಉಳಿದ ಹೆಂಗಸರು ಅವಳನ್ನೇ ಕರೆಯುತ್ತಿದ್ದರು. ಕಾಲರಿನ ಹೊಲಿಗೆ, ಮೊಣಕಾಲಿನ ತೇಪೆ ನೋಡಿ ಇದು ಇಂಥವರ ಮನೆಯ ಬಟ್ಟೆ ಎಂದು ಅವಳು ಹೇಳಿಬಿಡುತ್ತಿದ್ದಳು. ಹಾಗೆ ಹನ್ನೊಂದು ಮನೆಯವರಿಗೆ ಅವರವರ ಸತ್ತವರು ಸಿಕ್ಕಿದರು. ಅವಳ ಮನೆಯವನು ಸಿಗಲಿಲ್ಲ.

ಸತ್ತ ಐದನೆಯ ದಿನ ಸತ್ತವರ ಬಟ್ಟೆಯನ್ನು ಹೊಳೆಗೆ ಒಯ್ದು ಒಗೆಯುವುದು ಅಲ್ಲಿಯ ಪದ್ಧತಿ. ಒಗೆದ ಮೇಲೆಯೇ ಜೀವ ಊರು ಬಿಟ್ಟು ಹೊರಡುತ್ತದೆ. ಒಗೆಯುವುದು ಗಂಡನ ಕಡೆಯವರು, ನೆರೆಹೊರೆಯವರು. ಹೆಂಡತಿ ಅಂದು ನೀರು ಮುಟ್ಟುವಂತಿಲ್ಲ, ದಡದಲ್ಲಿ ಕೂತಿರಬೇಕು. ಮದುವೆಯಾದ ಹೆಣ್ಣಿಗೆ ಗಂಡನ ಬಟ್ಟೆ ಒಗೆಯುವುದರಿಂದ ರಜೆ ಸಿಗುವುದು ಅದೊಂದೇ ದಿನ. ತೆಯೊದೋಸಿಯಾ ಆ ರಜೆಯನ್ನು ಒಪ್ಪಿಕೊಂಡಿರಲಿಲ್ಲ. ಅಂಗಿ ಒಗೆಯುವವರೆಗೂ ನೆಮೇಸಿಯೊ ಸತ್ತಿಲ್ಲ.

ಅವನು ಹೋದ ಇಪ್ಪತ್ತನಾಲ್ಕನೆಯ ವರ್ಷ ಯೊವಾನಾ ಎಂಬ ಚಿತ್ರಕಲಾ ಶಿಕ್ಷಕಿ ಕಾಣೆಯಾದವರ ಮನೆಯ ಹೆಂಗಸರನ್ನು ಗುರುವಾರಗಳಂದು ಚರ್ಚಿನ ಪಕ್ಕದ ಕೋಣೆಯಲ್ಲಿ ಸೇರಿಸತೊಡಗಿದಳು. ಒಬ್ಬೊಬ್ಬರೂ ತಮ್ಮವರ ಒಂದು ಬಟ್ಟೆ ತಂದು, ಅದರ ಮೇಲೆ ಹೆಸರು ಕಸೂತಿ ಹಾಕಬೇಕು. ಸತ್ತವರ ಹಬ್ಬಕ್ಕೆ ಎಲ್ಲವನ್ನೂ ಒಂದೇ ಹಗ್ಗಕ್ಕೆ ತೂಗುಹಾಕಿ ಊರಿಗೆ ತೋರಿಸುವುದು. ತೆಯೊದೋಸಿಯಾ ಮೂರು ಗುರುವಾರ ಬರಿಗೈಯಲ್ಲಿ ಬಂದು, ಬೇರೆಯವರ ಸೂಜಿಗೆ ದಾರ ಪೋಣಿಸಿ ಕೊಟ್ಟಳು. ನಾಲ್ಕನೆಯ ವಾರ ಅಂಗಿ ತಂದಳು, ಕೊಡುವುದಕ್ಕಲ್ಲ, ತೋರಿಸುವುದಕ್ಕೆ.

ಮೇಜಿನ ಮೇಲೆ ಹರವಿದ ಕೂಡಲೇ ನಾದಿನಿ ಎರ್ಲಿಂದಾ ಅದಕ್ಕೆ ಮುಖ ಒತ್ತಿದಳು.

"ಎಲ್ಲರ ಕೊಳೆ ತೆಗೀತೀಯ, ನಮ್ಮಣ್ಣಂದು ಮಾತ್ರ ಕಟ್ಟಿಟ್ಕೊಂಡು ಕೂತಿದೀಯ. ಅವನ ಜೀವ ಎಲ್ಲಿ ಅಲೀತಾ ಇದೆಯೋ. ಒಗೆದುಬಿಡೋಣ ಅತ್ತಿಗೆ."

"ನಿಮ್ಮಣ್ಣ ಬಂದು ಹೇಳಲಿ, ಒಗೀತೀನಿ."

"ಬಂದರೂ ಅವನಿಗೀಗ ಐವತ್ತೇಳು. ಹೊಟ್ಟೆ ಬಂದಿರುತ್ತೆ. ಈ ಗುಂಡಿ ಕೂರುತ್ತೇನು?"

ಹೆಂಗಸರು ನಕ್ಕರು. ತೆಯೊದೋಸಿಯಾಳೂ ನಕ್ಕಳು. ಹೊಟ್ಟೆ ಬಂದ ನೆಮೇಸಿಯೊನನ್ನು ನೆನೆಸಿಕೊಳ್ಳಲು ಅವಳಿಗೆ ಹಿತವಾಗಿತ್ತು.

"ಬಿಡಿ, ಬಲವಂತ ಬೇಡ. ಮನಸ್ಸಾದಾಗ ಕೊಡಲಿ" ಎಂದಳು ಯೊವಾನಾ.

ಅಷ್ಟರಲ್ಲಿ ಇನ್ನಿಬ್ಬರು ಅಂಗಿಯನ್ನು ಮೂಸಲು ಕೈಚಾಚಿದರು. ಹೀಗೆ ಮೂಸಿ ಮೂಸಿ ಅವನ ವಾಸನೆಯನ್ನೇ ಖಾಲಿ ಮಾಡಿಯಾರು ಎಂದು ತೆಯೊದೋಸಿಯಾ ಅದನ್ನು ಎಳೆದುಕೊಂಡು, ಮಡಿಸಲೂ ನಿಲ್ಲದೆ ಬೆನ್ನಿಗೆ ಕಟ್ಟುವ ಗಂಟಿನ ಬಟ್ಟೆಯೊಳಗೆ ತುರುಕಿಕೊಂಡು ಹೊರಟಳು. ದಾರಿಯಲ್ಲಿ ಹೊಟೇಲು. ಅಲ್ಲಿ ಹದಿನಾಲ್ಕು ಹಾಸಿಗೆ ಹೊದಿಕೆಗಳನ್ನು ಅದರ ಮೇಲೆಯೇ ಹೇರಿಕೊಂಡಳು. ಮನೆಗೆ ಬಂದವಳು ಬೆನ್ನುನೋವಿಗೆ ಗಂಟನ್ನು ಇಳಿಸಿದಂತೆಯೇ ಬಿಟ್ಟು ಮಲಗಿದಳು.

ಬೆಳಿಗ್ಗೆ ಹೊಳೆಯಲ್ಲಿ ಅವಳ ತಲೆ ಬೇರೆಲ್ಲೋ ಇತ್ತು. ಕೈಗಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗಂಟಿನಿಂದ ಎಳೆಯುವುದು, ಅದ್ದುವುದು, ಸಾಬೂನು ತಿಕ್ಕುವುದು, ಕಲ್ಲಿಗೆ ಬಡಿಯುವುದು, ಜಾಲಿಸುವುದು. ಕೈಗೆ ತೋಳಿನ ಪಟ್ಟಿ ಸಿಕ್ಕಿದಾಗಲೇ ಅವಳು ನಿಂತದ್ದು. ಹಾಸಿಗೆ ಹೊದಿಕೆಗೆ ತೋಳಿರುವುದಿಲ್ಲ.

ಅಳು ಬರಲಿಲ್ಲ. ಅಂಗಿಯನ್ನು ಮುಖಕ್ಕೆ ಹಿಡಿದಳು. ಹದಿನಾಲ್ಕು ಹೊದಿಕೆಗಳದ್ದೇ ವಾಸನೆ ಅದಕ್ಕೂ. ಹೊಳೆಯ ನೊರೆ ಆಗಲೇ ತಿರುವಿನಾಚೆ ಹೋಗಿತ್ತು. ಒದ್ದೆ ಬಟ್ಟೆಯನ್ನು ಹಾಗೇ ಬಿಡಲಾಗದು. ಹಿಂಡಿ, ಕೊಡವಿ, ಪೊದೆಯ ಮೇಲೆ ಹರವಿದಳು. ಆಮೇಲೆ ಉಳಿದ ಹೊದಿಕೆಗಳನ್ನು ಒಗೆದಳು. ಸಂಜೆಗೆ ಹೊಟೇಲಿಗೆ ಮುಟ್ಟಿಸಬೇಕಿತ್ತು.

ಯಾರಿಗೂ ಹೇಳಲಿಲ್ಲ. ಭಾನುವಾರ, ಲಿಮಾದಲ್ಲಿ ಯಾರದ್ದೋ ಮನೆಗೆಲಸಕ್ಕಿರುವ ಮಗಳು ಫೋನ್ ಮಾಡಿದಳು.

"ಊಟ ಆಯ್ತೇನಮ್ಮಾ?"

"ಆಯ್ತು. ಜೋಳ ಬೇಯಿಸ್ಕೊಂಡಿದ್ದೆ."

"ಏನ್ ವಿಶೇಷ?"

"ಬಟ್ಟೆ ಒಗೆದೆ."

"ಅದೂ ಒಂದು ವಿಶೇಷನಾ" ಎಂದು ಮಗಳು ನಕ್ಕಳು. ಅಪ್ಪನನ್ನು ಕಳೆದುಕೊಂಡಾಗ ಮಗಳಿಗೆ ಎರಡೇ ವರ್ಷ. ಅಂಗಿಯ ಮಾತು ತೆಗೆದರೆ ಯಾವ ಅಂಗಿ ಎಂದು ಕೇಳಿಬಿಟ್ಟಾಳು.

ಮೂರು ದಿನ ಅವಳು ಪೆಟ್ಟಿಗೆ ತೆರೆದು, ಮೂಸಿ, ಮುಚ್ಚಿದಳು. ನಾಲ್ಕನೆಯ ದಿನ ಅಂಗಿ ಎತ್ತಿಕೊಂಡು ನಾದಿನಿಯ ಮನೆಗೆ ನಡೆದಳು. ಎರ್ಲಿಂದಾ ಅಂಗಳದಲ್ಲಿ ಮೆಕ್ಕೆಜೋಳ ಸುಲಿಯುತ್ತಿದ್ದಳು.

"ಒಗೆದುಬಿಟ್ಟೆ ಕಣೇ. ಗೊತ್ತಿಲ್ಲದೆ."

ಎರ್ಲಿಂದಾ ಅಂಗಿ ನೋಡಿದಳು, ಅವಳ ಮುಖ ನೋಡಿದಳು. ಇಷ್ಟು ವರ್ಷ ಒಗೆ ಒಗೆ ಎಂದು ಪೀಡಿಸಿದವಳು ಈಗ ತೆನೆಯನ್ನು ಕೆಳಗಿಟ್ಟು ತಗ್ಗಿದ ದನಿಯಲ್ಲಿ ಹೇಳಿದಳು, "ಹೆಂಡ್ತಿ ಒಗೆದದ್ದು ಒಗೆದ ಹಾಗಲ್ಲ. ನಿಂಗೂ ಗೊತ್ತಲ್ಲ. ತಗೊಂಡ್ಹೋಗಿ ಪೆಟ್ಟಿಗೇಲಿಡು ಅತ್ತಿಗೆ. ನಾನು ಬಾಯಿ ಬಿಡಲ್ಲ."

ತೆಯೊದೋಸಿಯಾ ಬಾಗಿಲಿನವರೆಗೂ ಹೋದಳು. ಪದ್ಧತಿ ಅವಳ ಪರವಾಗಿತ್ತು. ಬೇಕೆಂದರೆ ಇನ್ನೂ ಇಪ್ಪತ್ತನಾಲ್ಕು ವರ್ಷ ಕಾಯಬಹುದು. ಅಲ್ಲಿಂದಲೇ ತಿರುಗಿದಳು.

"ಪೆಟ್ಟಿಗೆ ತೆಗೆದ್ರೆ ಹೊಟೇಲಿನ ವಾಸ್ನೆ ಬರುತ್ತೆ. ಅಂಥದ್ದನ್ನ ಇಟ್ಕೊಂಡು ಯಾರಿಗೆ ಕಾಯಲಿ? ನೀನೇ ಒಗಿ."

ಮರುದಿನ ಏಳು ಹೆಂಗಸರು ಹೊಳೆಗೆ ಬಂದರು. ಜಗಿಯಲು ಕೋಕಾ ಎಲೆ ಹಂಚಿದರು, ಜೋಳದ ಕಳ್ಳನ್ನು ಮೊದಲು ನೆಲಕ್ಕೆ ಚೆಲ್ಲಿ ಆಮೇಲೆ ಕುಡಿದರು. ತೆಯೊದೋಸಿಯಾ ದಡದ ಕಲ್ಲಿನ ಮೇಲೆ ಕೂತಳು. ಆ ಹೊಳೆಯ ದಡದಲ್ಲಿ ಅವಳು ಸುಮ್ಮನೆ ಕೂತದ್ದು ಅದೇ ಮೊದಲು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಂದನ್ನು ಇನ್ನೊಂದರಿಂದ ಹಿಡಿದುಕೊಂಡಳು.

"ಎರ್ಲಿಂದಾ, ಕಾಲರ್ ಒಳಗಡೆ ಉಜ್ಜು."

"ನೀನು ಬಾಯಿ ಮುಚ್ಕೊಂಡು ಅಳಬೇಕು, ಮೇಸ್ತ್ರಿ ಕೆಲಸ ಮಾಡೋದಲ್ಲ."

"ನೀನು ಒಗೆಯೋದು ನೋಡಿದ್ರೆ ಅಳುನೇ ಬರುತ್ತೆ."

ಹೆಂಗಸರು ನಗುತ್ತಿದ್ದಂತೆ ತೆಯೊದೋಸಿಯಾ ನಿಜಕ್ಕೂ ಅಳತೊಡಗಿದಳು. ಯಾರೂ ಅವಳ ಕಡೆ ತಿರುಗಲಿಲ್ಲ, ತಿರುಗಬಾರದು. ಎರ್ಲಿಂದಾ ಬಲತೋಳಿನ ಪಟ್ಟಿಯನ್ನು ಕಲ್ಲಿನ ಮೇಲಿಟ್ಟು ತಿಕ್ಕುತ್ತಲೇ ಇದ್ದಳು. ಅಲ್ಲಿ ಅಂಗೈಯಗಲದ ಕೆಂಪು ಉಳಿದಿತ್ತು. ನೆಮೇಸಿಯೊ ತನ್ನ ಸಂತರಿಗೆ ಬಳಿಯುತ್ತಿದ್ದ, ಕಳ್ಳಿಯ ಹುಳುವನ್ನು ಅರೆದು ಮಾಡುವ ಆ ಬಣ್ಣ ಎರಡು ಸಲ ಒಗೆದರೂ ಜಗ್ಗಿರಲಿಲ್ಲ.

ತೆಯೊದೋಸಿಯಾ ಇಷ್ಟು ವರ್ಷಗಳಲ್ಲಿ ಒಂದು ಹನಿ ಬಣ್ಣ ಉಳಿದ ಬಟ್ಟೆಯನ್ನೂ ಯಾರ ಮನೆಗೂ ವಾಪಸು ಕೊಟ್ಟವಳಲ್ಲ.

"ಸಾಕು, ಅದನ್ನ ಬಿಡು" ಎಂದಳು.

ಸತ್ತವರ ಹಬ್ಬಕ್ಕೆ ಮೂವತ್ತೊಂದು ಬಟ್ಟೆಗಳ ನಡುವೆ ಆ ಅಂಗಿಯೂ ಹಗ್ಗಕ್ಕೇರಿತು. ಉಳಿದೆಲ್ಲಕ್ಕೂ ಹೆಸರಿತ್ತು. ಯೊವಾನಾ ದಾರ ಪೋಣಿಸಿದ ಸೂಜಿ ಹಿಡಿದು ಬಂದಳು.

"ಅಮ್ಮಾ, ಹೆಸರು?"

"ಬೇಡ ಮಗಳೇ. ಕೆಂಪಿದೆಯಲ್ಲ" ಎಂದ ತೆಯೊದೋಸಿಯಾ, ಓರೆಯಾಗಿದ್ದ ತೋಳನ್ನು ಎಳೆದು ನೆಟ್ಟಗೆ ಮಾಡಿದಳು.

ಮನೆಗೆ ಬಂದು ಪೆಟ್ಟಿಗೆಯನ್ನು ಗಾಳಿಯಾಡಲು ತೆರೆದಿಟ್ಟಳು. ಮೂಲೆಯಲ್ಲಿ ಹೊಟೇಲಿನ ಗಂಟು ಕಾಯುತ್ತಿತ್ತು. ಅದನ್ನು ಬೆನ್ನಿಗೆ ಕಟ್ಟುವ ಮೊದಲು ಪೂರ್ತಿ ಬಿಚ್ಚಿ, ಹೊದಿಕೆಗಳನ್ನು ಒಂದೊಂದಾಗಿ ಕೊಡವಿ ನೋಡಿದಳು. ಒಳಗೆ ಬೇರೇನೂ ಇರಲಿಲ್ಲ.