ಖಾಲಿ ಶೀಶೆಯಮ್ಮ

ಜೀವಕೋಶಗಳಿಗೆ ‘ಬೆಳೆಯಿರಿ’ ಎಂದು ಹೇಳುವ ಪ್ರೋಟೀನೊಂದು ಮನುಷ್ಯನ ಮೈಯಲ್ಲಿದೆ. ಅದನ್ನೇ ಬ್ಯಾಕ್ಟೀರಿಯಾಗಳಿಂದ ಮಾಡಿಸಿ, ಒಣಗಿಸಿ, ಪ್ರಯೋಗಾಲಯಗಳಿಗೆ ಮಾರುವ ಕಾರ್ಖಾನೆಯಲ್ಲಿ ಅವಳು ಇಪ್ಪತ್ತು ವರ್ಷದಿಂದ ಶೀಶೆ ತುಂಬುತ್ತಿದ್ದಾಳೆ. ತುಂಬಿದ್ದು ಕಣ್ಣಿಗೇ ಕಾಣದಷ್ಟು ಕಡಿಮೆ. ಹಾಗಾಗಿ ಗಂಡ ಅವಳನ್ನು ‘ಖಾಲಿ ಶೀಶೆಯಮ್ಮ’ ಎಂದೇ ಕರೆಯುತ್ತಾನೆ.

ಮೊನ್ನೆ ಶೀಶೆ ಕೊಂಡ ಹೊಸ ಸಂಶೋಧಕನೊಬ್ಬ ಕಾರ್ಖಾನೆಗೆ ಫೋನ್ ಮಾಡಿ, ಎತ್ತಿಕೊಂಡ ಅವಳ ಮೇಲೆ ಹರಿಹಾಯ್ದ. “ಶೀಶೇಲಿ ಏನೂ ಇಲ್ಲ.”

“ನೀರಲ್ಲಿ ಕರಗಿಸಿ ಜೀವಕೋಶಕ್ಕೆ ಹಾಕಿ. ಆಮೇಲೆ ಬೈಯಿರಿ,” ಎಂದಳು.

ಮೂರನೇ ದಿನ ಅವನದೇ ಫೋನು. “ತಪ್ಪಾಯ್ತಮ್ಮ. ತಟ್ಟೇಲಿ ಕಾಲಿಡೋಕೂ ಜಾಗ ಇಲ್ಲ, ಜೀವಕೋಶಗಳು ಹಾಗೆ ಬೆಳೆದಿವೆ.”

ಸಂಜೆ ಮನೆಗೆ ಬಂದವಳೇ ಹಿಗ್ಗಿ ಹೀರೇಕಾಯಾಗಿ ಗಂಡನಿಗೆ ಎಲ್ಲ ಹೇಳಿದಳು. ಅವನು ಒಲೆಯ ಮೇಲಿನ ಪಾತ್ರೆಯೊಳಗೆ ಇಣುಕಿದ.

“ಇದರಲ್ಲೂ ಕಣ್ಣಿಗೆ ಕಾಣದ್ದು ಏನಾದ್ರೂ ಇದೆಯಾ?”

“ಇಲ್ಲ, ಅದು ನಿಜವಾಗ್ಲೂ ಖಾಲಿ. ತರಕಾರಿ ಮಾತ್ರ ಬುಟ್ಟೀಲಿ ಚೆನ್ನಾಗಿ ಕಾಣ್ತಿದೆ. ಹೆಚ್ಚೋಕೆ ಶುರು ಮಾಡಿ.”